ಫೋಟೋದಲ್ಲಿ ಬಾಗಿಲೇ ಇಲ್ಲ: ಒಂದು ಅಣುವಿನ ಕಥೆ, 10 ಪೋಸ್ಟ್‌ಗಳಲ್ಲಿ

1/10

ಹೋದ ಡಿಸೆಂಬರಿನ ಒಂದು ಬೆಳಿಗ್ಗೆ, ಆರೂವರೆ ಗಂಟೆ. ನಮ್ಮ ಪಿಜಿ. ರೂಮ್‌ಮೇಟ್ ಸ್ನಾನಕ್ಕೆ ಹೋಗಿ ಅರ್ಧ ಗಂಟೆ ಆಗಿತ್ತು. ಅವತ್ತು ನಮಗೆ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್. "ಲೇಟಾಗುತ್ತೆ ಬಾರೇ" ಅಂತ ಬಾಗಿಲು ಬಡಿದೆ. ಒಳಗೆ ನೀರು ಬೀಳೋ ಸದ್ದು ಇತ್ತು, ಅವಳ ಸದ್ದು ಇರಲಿಲ್ಲ. ಇನ್ನೊಂದು ಸಲ ಬಡಿದೆ. ಆಮೇಲೆ ಪಕ್ಕದ ರೂಮಿನವರನ್ನು ಕೂಗಿದೆ. ಮೂರು ಜನ ಸೇರಿ ಒದ್ದಾಗ ಚಿಲಕ ಕಿತ್ತು ಬಂತು. ಅವಳು ಬಕೆಟ್ ಪಕ್ಕ ಬಿದ್ದಿದ್ದಳು.

ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದ್ರು. ಕೋವಿಡ್ ಟೈಮಲ್ಲಿ ಎಷ್ಟೋ ಮನೆಗಳಲ್ಲಿ ಇತ್ತಲ್ಲ, ಅದೇ ಆಕ್ಸಿಮೀಟರ್. 98 ತೋರಿಸ್ತು. ನನಗೆ ಹೋದ ಜೀವ ಬಂದಂಗಾಯ್ತು. ಆದರೆ ಡ್ಯೂಟಿ ಡಾಕ್ಟರ್ ಆ ನಂಬರಿಗೆ ಬೆಲೆಯೇ ಕೊಡಲಿಲ್ಲ. "ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಇದ್ಯಾ? ಕಿಟಕಿ ಮುಚ್ಚಿತ್ತಾ?" ಅಂತ ಕೇಳಿದ್ರು. ಎರಡಕ್ಕೂ ಹೌದು. ತಕ್ಷಣ ಆಕ್ಸಿಜನ್ ಮಾಸ್ಕ್ ಹಾಕಿಸಿದ್ರು.

ಆಮೇಲೆ ಕಾರಿಡಾರಲ್ಲಿ ಸಿಕ್ಕಾಗ ಅವರು ಹೇಳಿದ್ದು ಇಷ್ಟೇ: "ಕಾರ್ಬನ್ ಮಾನಾಕ್ಸೈಡ್ ಕಣಮ್ಮಾ. ರಕ್ತದಲ್ಲಿ ಆಕ್ಸಿಜನ್ ಕಡಿಮೆ ಆಗಿರೋದು ಅರ್ಧ ತೊಂದರೆ. ಇರೋ ಆಕ್ಸಿಜನ್ನನ್ನೂ ರಕ್ತ ಬಿಟ್ಟುಕೊಡಲ್ಲ, ಅದು ಇನ್ನರ್ಧ."

ಅವಳು ಹುಷಾರಾದಳು. ಈಗ ಇದನ್ನ ಓದ್ತಾ ಇದ್ದಾಳೆ ಕೂಡ (ಅವಳನ್ನ ಕೇಳಿಯೇ ಬರೀತಿದ್ದೀನಿ). ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಇದ್ದೂ ಬಿಟ್ಟುಕೊಡಲ್ಲ ಅಂದ್ರೆ ಏನು? ರಕ್ತಕ್ಕೇನು ಜಿಪುಣತನವಾ?

ನಾನು ಬಿಕಾಂ. ಸೈನ್ಸ್ ಜೊತೆ ನನ್ನ ಸಂಬಂಧ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದು ನೂರೈವತ್ತು ವರ್ಷಕ್ಕೂ ಮೀರಿದ ಒಂದು ಕಥೆ. ಒಂದು ಅಣು ಇನ್ನೊಂದನ್ನು ಹೇಗೆ ಹಿಡಿಯುತ್ತೆ, ಯಾಕೆ ಬಿಡುತ್ತೆ ಅನ್ನೋ ಕಥೆ. ನಿಧಾನಕ್ಕೆ ಓದಿ.

2/10

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸೋ ಇದ್ದಿಲೋ ಸಾಕಷ್ಟು ಗಾಳಿ ಸಿಗದೆ ಉರಿದಾಗ ಹುಟ್ಟುತ್ತೆ. ಅದು ರಕ್ತದಲ್ಲಿ ಏನು ಮಾಡುತ್ತೆ ಅಂತ ಮೊದಲು ತೋರಿಸಿದ್ದು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್, 1857ರಲ್ಲಿ. ಆಕ್ಸಿಜನ್ ಕೂರಬೇಕಾದ ಜಾಗದಲ್ಲಿ ಈ ಗ್ಯಾಸ್ ಬಂದು ಕೂತು, ಆಕ್ಸಿಜನ್ನನ್ನ ಹೊರಗೆ ತಳ್ಳುತ್ತೆ ಅಂತ.

ಆಮೇಲೆ ಬಂದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಈ ಮನುಷ್ಯ 1895ರಲ್ಲಿ ಮಾಡಿದ್ದನ್ನ ಕೇಳಿದ್ರೆ ಗಾಬರಿ ಆಗುತ್ತೆ. ವಿಷ ಅಂತ ಗೊತ್ತಿದ್ದೂ ತಾನೇ ಆ ಗ್ಯಾಸ್ ಉಸಿರಾಡಿದ. ತಲೆ ಹೇಗಿದೆ, ಕಾಲು ಹೇಗಿದೆ ಅಂತ ಬರೆದಿಡುತ್ತಾ, ನಡುನಡುವೆ ತನ್ನದೇ ರಕ್ತ ಪರೀಕ್ಷೆ ಮಾಡಿದ. ಮರುವರ್ಷ ವೇಲ್ಸ್‌ನ ಒಂದು ಕಲ್ಲಿದ್ದಲು ಗಣಿ ಸ್ಫೋಟವಾದಾಗ ಸತ್ತವರನ್ನ ಪರೀಕ್ಷಿಸಿ ಹೇಳಿದ: ಹೆಚ್ಚಿನವರನ್ನ ಕೊಂದಿದ್ದು ಸ್ಫೋಟ ಅಲ್ಲ, ಆಮೇಲೆ ತುಂಬಿಕೊಂಡ ಈ ಗ್ಯಾಸ್. ಗಣಿಗೆ ಇಲಿಯಂಥ ಪುಟ್ಟ ಪ್ರಾಣಿಗಳನ್ನ ಒಯ್ಯಿರಿ, ಮನುಷ್ಯರಿಗಿಂತ ಮೊದಲು ಅವು ಕುಸಿಯುತ್ತವೆ ಅಂತ ಸಲಹೆ ಕೊಟ್ಟವನೂ ಅವನೇ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳ ಕೆಲಸ 1986ರವರೆಗೂ ನಡೀತು.

ಈ ಗ್ಯಾಸ್ ನಮ್ಮ ರಕ್ತದ ಹಿಮೋಗ್ಲೋಬಿನ್ನನ್ನ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತೆ. ಹಾಗಾಗಿ ಗಾಳಿಯಲ್ಲಿ ಚೂರು ಇದ್ದರೂ ಸಾಕು.

ಆಕ್ಸಿಮೀಟರ್ 98 ತೋರಿಸಿದ್ದು ಯಾಕೆ? ಅದು ನೋಡೋದು ರಕ್ತದ ಬಣ್ಣವನ್ನ. ಆಕ್ಸಿಜನ್ ಹಿಡಿದ ರಕ್ತವೂ ಕೆಂಪು, ಈ ಗ್ಯಾಸ್ ಹಿಡಿದ ರಕ್ತವೂ ಕೆಂಪು. ಮಾಮೂಲಿ ಕ್ಲಿಪ್‌ಗೆ ವ್ಯತ್ಯಾಸ ಗೊತ್ತಾಗಲ್ಲ. ಸೀಟು ತುಂಬಿದೆ ಅಂತ ಹೇಳುತ್ತೆ, ಕೂತಿರೋದು ಯಾರು ಅಂತ ಹೇಳಲ್ಲ.

ಸೀಟು ಕಳೆದುಕೊಂಡಿದ್ದು ಅರ್ಥ ಆಯ್ತು. ಆದರೆ ಉಳಿದ ಆಕ್ಸಿಜನ್ ಯಾಕೆ ಇಳಿಯಲ್ಲ?

3/10

ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ. ಅಣುಗಳು ಒಂದನ್ನೊಂದು ಗುರುತು ಹಿಡಿಯೋದು ಹೇಗೆ?

1894ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಒಂದು ಹೋಲಿಕೆ ಕೊಟ್ಟರು: ಬೀಗ ಮತ್ತು ಕೀಲಿಕೈ. ಅವರು ಸಕ್ಕರೆಗಳನ್ನ ಒಡೆಯೋ ಕಿಣ್ವಗಳ ಬಗ್ಗೆ ಕೆಲಸ ಮಾಡ್ತಿದ್ರು. ಒಂದು ಕಿಣ್ವ ಒಂದು ಬಗೆಯ ಸಕ್ಕರೆಯನ್ನ ಮಾತ್ರ ಮುಟ್ಟುತ್ತೆ, ಹೆಚ್ಚುಕಡಿಮೆ ಹಾಗೇ ಕಾಣೋ ಇನ್ನೊಂದನ್ನ ಮುಟ್ಟಲ್ಲ. ಯಾಕಂದ್ರೆ ಆಕಾರ ಹೊಂದಬೇಕು. ಎಷ್ಟು ಚೆನ್ನಾಗಿದೆ ಅಂದ್ರೆ ಇವತ್ತಿಗೂ ಪಾಠದ ಪುಸ್ತಕಗಳಲ್ಲಿ ಅದೇ ಚಿತ್ರ ಇದೆ.

ಆದರೆ ಬೀಗ ಅಂದ್ರೆ ಕಬ್ಬಿಣ. ಅಲುಗಾಡಲ್ಲ. ಮೊದಲ ಸಲ ಕೀಲಿ ಹಾಕಿದಾಗಲೂ ಹತ್ತನೇ ಸಲ ಹಾಕಿದಾಗಲೂ ಅದೇ ಬೀಗ.

ರಕ್ತ ಹಾಗಿರಲಿಲ್ಲ. 1904ರಲ್ಲಿ ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ ಬೋರ್ (ಪರಮಾಣು ಖ್ಯಾತಿಯ ನೀಲ್ಸ್ ಬೋರ್ ಅವರ ಅಪ್ಪ) ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ರಕ್ತ ಆಕ್ಸಿಜನ್ ಹಿಡಿಯೋದನ್ನ ಅಳೆದು ಗ್ರಾಫ್ ಹಾಕಿದರು. ಅದು ನೇರ ಗೆರೆಯಾಗಿರಲಿಲ್ಲ, ಹಾವಿನಂತೆ ಬಳುಕಿತ್ತು. ಶುರುವಿನಲ್ಲಿ ರಕ್ತ ಆಕ್ಸಿಜನ್ ಹಿಡಿಯೋಕೆ ಹಿಂದೇಟು ಹಾಕುತ್ತೆ. ಸ್ವಲ್ಪ ಹಿಡಿದ ಮೇಲೆ ಗಬಗಬ ಅಂತ ಹಿಡಿಯುತ್ತೆ. ಇನ್ನೂ ಒಂದು ವಿಷಯ: ಕಾರ್ಬನ್ ಡೈ ಆಕ್ಸೈಡ್ ಜಾಸ್ತಿ ಇರೋ ಕಡೆ ರಕ್ತ ಆಕ್ಸಿಜನ್ನನ್ನ ಬೇಗ ಬಿಟ್ಟುಕೊಡುತ್ತೆ. ಅಂದ್ರೆ ಕೆಲಸ ಮಾಡಿ ಸುಸ್ತಾದ ಸ್ನಾಯು ಎಲ್ಲಿದೆಯೋ ಅಲ್ಲೇ.

ಮದುವೆ ಮನೆ ಪಂಕ್ತಿ ನೆನಪು ಮಾಡ್ಕೊಳ್ಳಿ. ಖಾಲಿ ಎಲೆ ಮುಂದೆ ಮೊದಲು ಕೂರೋಕೆ ಎಲ್ಲರಿಗೂ ಸಂಕೋಚ. ಒಬ್ಬರು ಕೂತರೋ, ಸಾಲು ತುಂಬಿಬಿಡುತ್ತೆ. ಏಳುವಾಗಲೂ ಹಾಗೇ, ಒಬ್ಬರು ಎದ್ದರೆ ಎಲ್ಲರೂ ಏಳುತ್ತಾರೆ. 1925ರಲ್ಲಿ ಆಡೇರ್ ಅನ್ನೋ ವಿಜ್ಞಾನಿ ಒಂದು ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಕಬ್ಬಿಣದ ಪರಮಾಣು ಇವೆ ಅಂತ ತೋರಿಸಿದ್ರು. ಅಂದ್ರೆ ನಾಲ್ಕು ಎಲೆಯ ಪಂಕ್ತಿ.

ಆದರೆ ಒಂದು ಎಲೆಯಲ್ಲಿ ಯಾರೋ ಕೂತಿದ್ದು ಇನ್ನೊಂದು ಎಲೆಗೆ ಗೊತ್ತಾಗೋದು ಹೇಗೆ?

4/10

ಈ ಪೋಸ್ಟ್ ಒಂದು ಫ್ರಿಜ್ ಬಗ್ಗೆ.

1930ರ ದಶಕ, ಪ್ರಾಗ್ ನಗರ. ಫೆಲಿಕ್ಸ್ ಹೌರೋವಿಟ್ಸ್ ಅನ್ನೋ ವಿಜ್ಞಾನಿ ಕುದುರೆ ರಕ್ತದ ಹಿಮೋಗ್ಲೋಬಿನ್ನನ್ನ ಹರಳು ಮಾಡಿ ಫ್ರಿಜ್‌ನಲ್ಲಿ ಇಟ್ಟಿದ್ದರು. ಹರಳು ಅಂದ್ರೆ ಕಲ್ಲುಸಕ್ಕರೆ ಥರ, ಅಣುಗಳು ಇಟ್ಟಿಗೆ ಜೋಡಿಸಿದಂತೆ ಸಾಲಾಗಿ ನಿಂತಿರೋದು. ಇಟ್ಟಾಗ ಅವು ಕಡುಗೆಂಪು ಸೂಜಿಗಳ ಹಾಗಿದ್ವು. ಕೆಲವು ವಾರ ಬಿಟ್ಟು ತೆಗೆದು ನೋಡಿದ್ರೆ ಸೂಜಿಗಳೇ ಇಲ್ಲ! ಅವುಗಳ ಜಾಗದಲ್ಲಿ ನೇರಳೆ ಬಣ್ಣದ, ಆರು ಮೂಲೆಯ ಬಿಲ್ಲೆಗಳು. ಬ್ಯಾಕ್ಟೀರಿಯಾಗಳು ಸೀಸೆಯ ಆಕ್ಸಿಜನ್ನನ್ನೆಲ್ಲ ತಿಂದು ಮುಗಿಸಿದ್ದವು.

ಬಿಲ್ಲೆಗಳನ್ನ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಲ್ಲಿ ನೋಡಿದರು. ಅಂಚಿನಿಂದ ಗಾಳಿ ಮೆಲ್ಲಗೆ ಒಳಗೆ ನುಗ್ಗಿತು. ಗಾಳಿ ತಾಗಿದ ಕಡೆಯೆಲ್ಲ ನೇರಳೆ ಬಿಲ್ಲೆಗಳು ಕರಗಿ, ಕಣ್ಣೆದುರೇ ಮತ್ತೆ ಕೆಂಪು ಸೂಜಿಗಳು ಹುಟ್ಟಿದವು.

ಇದರ ಅರ್ಥ ನೋಡಿ. ಗೋಡೆಯಲ್ಲಿ ಕೂತಿರೋ ಇಟ್ಟಿಗೆಗೆ ಬಣ್ಣ ಬಳಿದರೆ ಗೋಡೆ ಬೀಳಲ್ಲ. ಒಂದೊಂದು ಇಟ್ಟಿಗೆಯ ಆಕಾರವೇ ಬದಲಾದರೆ ಗೋಡೆ ಬೀಳುತ್ತೆ, ಬೇರೆ ಥರ ಕಟ್ಟಬೇಕಾಗುತ್ತೆ. ಹಾಗಾದ್ರೆ ಆಕ್ಸಿಜನ್ ಬಂದು ಕೂತಾಗ ಹಿಮೋಗ್ಲೋಬಿನ್ ಸುಮ್ಮನೆ ಕೂರಿಸಿಕೊಳ್ಳಲ್ಲ. ತನ್ನ ಮೈಯನ್ನೇ ಬದಲಾಯಿಸುತ್ತೆ.

ಹೌರೋವಿಟ್ಸ್ ಇದನ್ನ 1938ರಲ್ಲಿ ಪ್ರಕಟಿಸಿದರು. ಮರುವರ್ಷ ನಾಜಿಗಳು ಪ್ರಾಗ್‌ಗೆ ಬಂದರು. ಯಹೂದಿಯಾಗಿದ್ದ ಹೌರೋವಿಟ್ಸ್ ಕೆಲಸ ಕಳೆದುಕೊಂಡು ಇಸ್ತಾಂಬುಲ್‌ಗೆ, ಆಮೇಲೆ ಅಮೆರಿಕಕ್ಕೆ ಹೋದರು.

ಆದರೆ ಅಷ್ಟರಲ್ಲಿ ಅವರು ಒಬ್ಬ ಹುಡುಗನ ತಲೆಗೆ ಹುಳ ಬಿಟ್ಟಿದ್ದರು. 1937ರಲ್ಲಿ ಅವರನ್ನ ನೋಡೋಕೆ ಬಂದಿದ್ದ ಆ ಹುಡುಗ ಅವರ ಹೆಂಡತಿ ಕಡೆಯ ಸಂಬಂಧಿ. ಹೆಸರು ಮ್ಯಾಕ್ಸ್ ಪೆರುಟ್ಸ್. ಯಾವ ವಿಷಯ ಹಿಡಿಯಲಿ ಅಂತ ಕೇಳಿದವನಿಗೆ ಸಿಕ್ಕ ಸಲಹೆ: ಹಿಮೋಗ್ಲೋಬಿನ್.

5/10

ಮ್ಯಾಕ್ಸ್ ಪೆರುಟ್ಸ್, ಹುಟ್ಟಿದ್ದು 1914, ವಿಯೆನ್ನಾ. 1936ರಲ್ಲಿ ಕೇಂಬ್ರಿಜ್‌ಗೆ ಬಂದರು. ಹಿಮೋಗ್ಲೋಬಿನ್ ಹರಳಿನ ಮೂಲಕ ಎಕ್ಸ್-ರೇ ಹಾಯಿಸಿ, ಅದು ಚದುರಿ ಬಿಟ್ಟ ಚುಕ್ಕೆಗಳನ್ನ ಲೆಕ್ಕ ಹಾಕಿ ಅಣುವಿನ ಆಕಾರ ಕಂಡುಹಿಡೀತೀನಿ ಅಂತ ಕೂತರು. ಆ ಕಾಲಕ್ಕೆ ಈ ವಿಧಾನದಲ್ಲಿ ಬಿಡಿಸಿದ್ದ ಅಣುಗಳಲ್ಲಿ ಇದ್ದದ್ದು ಬೆರಳೆಣಿಕೆಯಷ್ಟು ಪರಮಾಣುಗಳು. ಹಿಮೋಗ್ಲೋಬಿನ್‌ನಲ್ಲಿ ಸಾವಿರಾರು. ಇದು ಆಗೋ ಕೆಲಸ ಅಲ್ಲ ಅಂದವರೇ ಜಾಸ್ತಿ.

1940ರಲ್ಲಿ ಯುದ್ಧದ ನಡುವೆ ಬ್ರಿಟನ್ ಸರ್ಕಾರ ಇವರನ್ನ "ಶತ್ರು ದೇಶದವನು" ಅಂತ ಬಂಧಿಸಿ, ಹಡಗಿನಲ್ಲಿ ಕೆನಡಾಕ್ಕೆ ಕಳಿಸಿತು. ಹಿಟ್ಲರನ ಕಾಟದಿಂದ ಪಾರಾದವರನ್ನೇ ಹಿಟ್ಲರನ ಕಡೆಯವನು ಅಂತ ಒಳಗೆ ಹಾಕಿದ್ದು! 1941ರಲ್ಲಿ ವಾಪಸ್ ಬಂದು ಕೆಲಸ ಮುಂದುವರಿಸಿದರು.

ದಾರಿ ಸಿಕ್ಕಿದ್ದು 1953ರಲ್ಲಿ. ಹಿಮೋಗ್ಲೋಬಿನ್‌ಗೆ ಪಾದರಸದಂಥ ಭಾರವಾದ ಪರಮಾಣು ಅಂಟಿಸಿದ್ರೆ ಚುಕ್ಕೆಗಳ ಲೆಕ್ಕ ಬಿಡಿಸಬಹುದು ಅಂತ ತೋರಿಸಿದರು. ಆ ಉಪಾಯ ಹಿಡಿದು ಪಕ್ಕದಲ್ಲೇ ಕೆಲಸ ಮಾಡ್ತಿದ್ದ ಜಾನ್ ಕೆಂಡ್ರೂ ಮೊದಲು ಗುರಿ ಮುಟ್ಟಿದರು. ಅವರದ್ದು ತಿಮಿಂಗಿಲದ ಸ್ನಾಯುವಿನ ಮಯೋಗ್ಲೋಬಿನ್. ಹಿಮೋಗ್ಲೋಬಿನ್ನಿನ ಚಿಕ್ಕ ತಂಗಿ, ಒಂದೇ ಎಲೆಯ ಪಂಕ್ತಿ. 1958ರಲ್ಲಿ ಪ್ರಕಟವಾದ ಅದು ಜಗತ್ತು ನೋಡಿದ ಮೊದಲ ಪ್ರೋಟೀನ್ ಆಕಾರ. ಶ್ಯಾವಿಗೆ ಉಂಡೆ ಥರ ಸುತ್ತಿಕೊಂಡ ಸರಪಳಿ, ಅದರ ಹೊಟ್ಟೆಯೊಳಗೆ ಹೀಮ್ ಅನ್ನೋ ಚಪ್ಪಟೆ ತಟ್ಟೆ, ತಟ್ಟೆಯ ನಡುವೆ ಒಂದು ಕಬ್ಬಿಣದ ಪರಮಾಣು. ಆಕ್ಸಿಜನ್ ಕೂರೋದು ಆ ಕಬ್ಬಿಣದ ಮೇಲೆ.

ಪೆರುಟ್ಸ್ ಅವರ ಹಿಮೋಗ್ಲೋಬಿನ್ 1960ರಲ್ಲಿ ಪ್ರಕಟವಾಯ್ತು. ಶುರು ಮಾಡಿ 20 ವರ್ಷ ದಾಟಿತ್ತು. 1962ರಲ್ಲಿ ಇಬ್ಬರಿಗೂ ಸೇರಿ ನೊಬೆಲ್.

ಇಲ್ಲಿಗೆ ಕಥೆ ಮುಗೀಬೇಕಿತ್ತು ಅಲ್ವಾ? ಫೋಟೋ ಸಿಕ್ತು, ಬಹುಮಾನ ಬಂತು. ಆದರೆ ಪೆರುಟ್ಸ್‌ಗೆ ಸಮಾಧಾನ ಇರಲಿಲ್ಲ. ಫ್ರಿಜ್‌ನಲ್ಲಿ ಹುಟ್ಟಿದ ನೇರಳೆ ಬಿಲ್ಲೆಗಳ ಲೆಕ್ಕ ಇನ್ನೂ ಬಾಕಿ ಇತ್ತು.

6/10

ಈ ಪೋಸ್ಟಲ್ಲಿ ಡಾಕ್ಟರ್ ಮಾತಿನ ಉತ್ತರ ಇದೆ. ಗಮನ ಇಟ್ಟು ಓದಿ.

ಪೆರುಟ್ಸ್ ಮತ್ತು ಅವರ ಸಹೋದ್ಯೋಗಿ ಹಿಲರಿ ಮ್ಯೂರ್‌ಹೆಡ್ ಈಗ ಆಕ್ಸಿಜನ್ ಇಲ್ಲದ ಹಿಮೋಗ್ಲೋಬಿನ್ನಿನ ಚಿತ್ರ ತೆಗೆದರು. 1963ರಲ್ಲಿ ಎರಡು ಚಿತ್ರಗಳನ್ನ ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡಿದ್ದು: ನಾಲ್ಕು ಭಾಗಗಳು ಒಂದರ ಪಕ್ಕ ಒಂದು ಸರಿದಿದ್ದವು. 1965ರಲ್ಲಿ ಮೊನೋ, ವೈಮನ್, ಶಾಂಜೂ ಅನ್ನೋ ಮೂವರು ಇದಕ್ಕೊಂದು ಚೌಕಟ್ಟು ಕೊಟ್ಟರು. ಇಂಥ ಅಣುವಿಗೆ ಎರಡು ಭಂಗಿ ಇದೆ. ಒಂದು "ಬಿಗಿ" ಭಂಗಿ, ಆಕ್ಸಿಜನ್ ಕಂಡರೆ ಅಷ್ಟಕ್ಕಷ್ಟೆ. ಇನ್ನೊಂದು "ಸಡಿಲ" ಭಂಗಿ, ಆಕ್ಸಿಜನ್ ಸಿಕ್ಕರೆ ಬಿಡಲ್ಲ. ನಾಲ್ಕು ಭಾಗವೂ ಒಟ್ಟಿಗೇ ಭಂಗಿ ಬದಲಿಸುತ್ತವೆ.

1970ರಲ್ಲಿ ಪೆರುಟ್ಸ್ ಇದರ ಯಂತ್ರವನ್ನೇ ಬಿಚ್ಚಿಟ್ಟರು. ಆಕ್ಸಿಜನ್ ಇಲ್ಲದಾಗ ಕಬ್ಬಿಣದ ಪರಮಾಣು ಹೀಮ್ ತಟ್ಟೆಯಿಂದ ಚೂರು ಆಚೆ ಇರುತ್ತೆ, ಸುಮಾರು 0.4 ಆಂಗ್‌ಸ್ಟ್ರಮ್. ಒಂದು ಆಂಗ್‌ಸ್ಟ್ರಮ್ ಅಂದ್ರೆ ಒಂದು ಮೀಟರಿನಲ್ಲಿ ಸಾವಿರ ಕೋಟಿಯ ಒಂದು ಭಾಗ. ಆಕ್ಸಿಜನ್ ಕೂತ ತಕ್ಷಣ ಕಬ್ಬಿಣ ತಟ್ಟೆಯೊಳಗೆ ಸರಿಯುತ್ತೆ. ತನಗೆ ಅಂಟಿದ ಸರಪಳಿಯ ಕೊಂಡಿಯನ್ನ ಎಳೆಯುತ್ತೆ, ಅದು ಪಕ್ಕದ್ದನ್ನ ಎಳೆಯುತ್ತೆ. ಕೊನೆಗೆ ಅಣುವಿನ ಅರ್ಧ ಭಾಗ ಇನ್ನರ್ಧದ ಎದುರು ಸುಮಾರು 15 ಡಿಗ್ರಿ ತಿರುಗುತ್ತೆ. ಪಕ್ಕದ ಎಲೆಗೆ ಸುದ್ದಿ ಮುಟ್ಟೋದು ಹೀಗೆ.

ಈಗ ಗೀಸರ್ ಗ್ಯಾಸ್. ಅದು ಕೂತರೂ ಕಬ್ಬಿಣ ಸರಿಯುತ್ತೆ, ಅಣು "ಬಿಡದ" ಭಂಗಿಗೆ ತಿರುಗುತ್ತೆ. ಆದರೆ ಈ ಗ್ಯಾಸ್ ಬೇಗ ಏಳಲ್ಲ. ಪಂಕ್ತಿಯಲ್ಲಿ ಒಬ್ಬರು ಇನ್ನೂ ಕೂತಿರುವಾಗ ಉಳಿದವರು ಏಳೋದು ಮರ್ಯಾದೆ ಅಲ್ಲ ತಾನೇ? ಹಾಗೆ ಉಳಿದ ಎಲೆಗಳ ಆಕ್ಸಿಜನ್ ಕೂಡ ಏಳಲಾಗದೆ ಕೂತಲ್ಲೇ ಕೂರುತ್ತೆ. ರಕ್ತ ಮೆದುಳಿನವರೆಗೂ ಹೋಗುತ್ತೆ, ಆಕ್ಸಿಜನ್ ಹೊತ್ತುಕೊಂಡೇ ವಾಪಸ್ ಬರುತ್ತೆ.

ಇದೇ "ಇದ್ದೂ ಬಿಟ್ಟುಕೊಡಲ್ಲ". ರಕ್ತ ಜಿಪುಣ ಅಲ್ಲ, ಒಂದು ಭಂಗಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಈ ವಿಷದ ರಕ್ತ ಆಕ್ಸಿಜನ್ ಬಿಡೋಕೆ ಕಷ್ಟಪಡುತ್ತೆ ಅನ್ನೋದನ್ನ ಹಾಲ್ಡೇನ್ ಕುಟುಂಬ 1912ರಲ್ಲೇ ಅಳತೆ ಮಾಡಿ ಹೇಳಿತ್ತು. ಆ ವರ್ಷದ ಪ್ರಬಂಧದಲ್ಲಿ ಅಪ್ಪನ ಜೊತೆ ಮಗ ಜೆ.ಬಿ.ಎಸ್. ಹಾಲ್ಡೇನ್ ಹೆಸರೂ ಇದೆ. ಆಗ ಅವನಿಗೆ ಇನ್ನೂ 20 ತುಂಬಿರಲಿಲ್ಲ, ನಮ್ಮ ವಯಸ್ಸು! ಮುಂದೆ ಅವರು ಭಾರತದ ಪೌರರಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರು ಅಳೆದಿದ್ದಕ್ಕೆ ಕಾರಣ ಕಣ್ಣಿಗೆ ಕಾಣೋಕೆ ಇನ್ನೂ 58 ವರ್ಷ ಬೇಕಾಯ್ತು.

7/10

ಇಷ್ಟಾದ ಮೇಲೂ ಒಂದು ಮುಜುಗರದ ವಿಷಯ ಉಳಿದಿತ್ತು.

ಕೆಂಡ್ರೂ ಅವರ ಮಯೋಗ್ಲೋಬಿನ್ ಚಿತ್ರವನ್ನ ಎಷ್ಟು ತಿರುಗಿಸಿ ನೋಡಿದರೂ ಬಾಗಿಲೇ ಇಲ್ಲ! ಕಬ್ಬಿಣ ಇರೋದು ಹೊಟ್ಟೆಯೊಳಗೆ. ಸುತ್ತ ಪರಮಾಣುಗಳು ಒತ್ತೊತ್ತಾಗಿ ನಿಂತಿವೆ. ಆಕ್ಸಿಜನ್ ತೂರೋಷ್ಟು ಸಂದಿಯೂ ಇಲ್ಲ. ಹಿಮೋಗ್ಲೋಬಿನ್‌ನಲ್ಲೂ ಅದೇ ಕಥೆ ಅಂತ 1966ರಲ್ಲಿ ಪೆರುಟ್ಸ್ ಮತ್ತು ಮ್ಯಾಥ್ಯೂಸ್ ಗಮನಿಸಿದರು. ಆ ಚಿತ್ರವನ್ನ ಅಕ್ಷರಶಃ ನಂಬಿದ್ರೆ ಆಕ್ಸಿಜನ್ ಒಳಗೆ ಬರೋ ಹಾಗೇ ಇಲ್ಲ. ಬಂದರೆ ಹೊರಗೆ ಹೋಗೋ ಹಾಗಿಲ್ಲ. ಅಂದ್ರೆ ನಾನು ಇದನ್ನ ಬರೆಯೋ ಹಾಗಿಲ್ಲ, ನೀವು ಓದೋ ಹಾಗಿಲ್ಲ.

ಫೋಟೋ ಸುಳ್ಳಾ? ಅಲ್ಲ. ಇದನ್ನ ನಮ್ಮ ಬಿಕಾಂ ಭಾಷೇಲಿ ಹೇಳ್ತೀನಿ.

ಬ್ಯಾಲೆನ್ಸ್ ಶೀಟ್ ಏನು ಹೇಳುತ್ತೆ? ಮಾರ್ಚ್ 31ರಂದು ಅಂಗಡಿಯಲ್ಲಿ ಏನೇನಿತ್ತು ಅಂತ. ಸರಕು ಇಷ್ಟು, ನಗದು ಇಷ್ಟು, ಸಾಲ ಇಷ್ಟು. ಎಲ್ಲ ನಿಜ, ಆಡಿಟರ್ ಸಹಿಯೂ ಇದೆ. ಆದರೆ ಅದನ್ನ ಮಾತ್ರ ನೋಡಿದವರಿಗೆ ವರ್ಷವಿಡೀ ಗಲ್ಲಾಪೆಟ್ಟಿಗೆಯಿಂದ ಹಣ ಹೇಗೆ ಬಂತು, ಹೇಗೆ ಹೋಯ್ತು ಅಂತ ಗೊತ್ತಾಗಲ್ಲ. ಅದಕ್ಕೇ ತಾನೇ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಬೇರೆ ಇರೋದು?

ಎಕ್ಸ್-ರೇ ಚಿತ್ರ ಬ್ಯಾಲೆನ್ಸ್ ಶೀಟ್. ಅದೂ ಹರಳಿನಲ್ಲಿರೋ ಕೋಟಿ ಕೋಟಿ ಅಣುಗಳ ಸರಾಸರಿ. ಜಾತ್ರೆಯಲ್ಲಿ ರಾತ್ರಿ ಹೊತ್ತು ಫೋನ್ ಅಲುಗಾಡಿಸದೆ ಲಾಂಗ್ ಎಕ್ಸ್‌ಪೋಶರ್ ಫೋಟೋ ತೆಗೆದಿದ್ದೀರಾ? ಅಂಗಡಿಗಳು ಚೆನ್ನಾಗಿ ಬಿದ್ದಿರುತ್ತವೆ, ಓಡಾಡಿದ ಜನ ಮಾಯ. ಹಾಗೇ ಅಣುವಿನ ಪುಟ್ಟ ಪುಟ್ಟ ಅಲುಗಾಟಗಳೆಲ್ಲ ಸರಾಸರಿಯಲ್ಲಿ ಕರಗಿಹೋಗಿದ್ದವು.

ಹಾಗಾದ್ರೆ ಬಾಗಿಲು ಇರಲೇಬೇಕು, ಆದರೆ ಅದು ಯಾವಾಗಲೂ ತೆರೆದಿರೋ ಬಾಗಿಲಲ್ಲ. ಪರಮಾಣುಗಳು ಒಂದಿಷ್ಟು ಆಚೀಚೆ ಸರಿದಾಗ ಕ್ಷಣಕ್ಕೆ ತೆರೆದು, ಮತ್ತೆ ಮುಚ್ಚಿಕೊಳ್ಳೋ ಸಂದಿ. ಮೆಜೆಸ್ಟಿಕ್‌ನಲ್ಲಿ ಸಂಜೆ ತುಂಬಿದ ಬಸ್ ನೆನೆಸ್ಕೊಳ್ಳಿ. ಫೋಟೋ ತೆಗೆದರೆ ಕಂಡಕ್ಟರ್ ಹಿಂದಿನವರೆಗೂ ಹೋಗೋಕೆ ಸಾಧ್ಯವೇ ಇಲ್ಲ ಅನ್ಸುತ್ತೆ. ಆದರೂ ಟಿಕೆಟ್ ಕೊಟ್ಟು ಬರ್ತಾರೆ. ಹೇಗೆ? ಜನ ಅಲುಗಾಡ್ತಾರೆ, ಅಷ್ಟೇ.

ಊಹೆ ಚೆನ್ನಾಗಿದೆ. ಆದರೆ ತೋರಿಸೋದು ಹೇಗೆ?

8/10

ತೋರಿಸಿದ್ದು ಅದೇ ವಿಷದ ಗ್ಯಾಸ್!

1896ರಲ್ಲಿ ಹಾಲ್ಡೇನ್ ಮತ್ತು ಲೋರೇನ್ ಸ್ಮಿತ್ ಒಂದು ವಿಚಿತ್ರ ಕಂಡಿದ್ದರು. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತದ ಮೇಲೆ ಜೋರು ಬೆಳಕು ಬಿದ್ದರೆ ಗ್ಯಾಸ್ ಹಿಡಿತ ಬಿಡುತ್ತೆ. ಸುಮಾರು 80 ವರ್ಷದ ನಂತರ ಇದು ಕೆಲಸಕ್ಕೆ ಬಂತು.

ಹಾನ್ಸ್ ಫ್ರೌವೆನ್‌ಫೆಲ್ಡರ್, ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದವರು. ಮೂಲತಃ ಭೌತವಿಜ್ಞಾನಿ, ಬಯಾಲಜಿಗೆ ನನ್ನ ಹಾಗೇ ಹೊರಗಿನವರು. 1975ರಲ್ಲಿ ಅವರ ತಂಡ ಈ ಗ್ಯಾಸ್ ಹಿಡಿದ ಮಯೋಗ್ಲೋಬಿನ್ನನ್ನ ಮೈನಸ್ 230 ಡಿಗ್ರಿ ಹತ್ತಿರದವರೆಗೂ ತಂಪು ಮಾಡಿ, ಬೆಳಕಿನ ಒಂದು ಮಿಂಚು ಹೊಡೆದು ಗ್ಯಾಸನ್ನ ಬಿಡಿಸಿತು. ಮತ್ತೆ ಅದು ಬಂದು ಅಂಟಿಕೊಳ್ಳೋಕೆ ಎಷ್ಟು ಹೊತ್ತು ಬೇಕು ಅಂತ ಅಳೆಯಿತು.

ಎಲ್ಲ ಅಣುಗಳೂ ಒಂದೇ ಥರ ಇದ್ದಿದ್ರೆ ಎಲ್ಲಕ್ಕೂ ಒಂದೇ ವೇಗ ಬರಬೇಕಿತ್ತು. ಬರಲಿಲ್ಲ. ಕೆಲವು ತಕ್ಷಣ ಹಿಡಿದವು, ಕೆಲವು ತುಂಬಾ ತಡವಾಗಿ. ಅಂದ್ರೆ ಒಂದೇ ಹೆಸರಿನ ಪ್ರೋಟೀನ್‌ಗೆ ಒಂದೇ ಆಕಾರ ಇಲ್ಲ. ಸ್ವಲ್ಪ ಸ್ವಲ್ಪ ಬೇರೆಯಾದ ಸಾವಿರಾರು ಭಂಗಿಗಳಿವೆ. ಚಳಿಗೆ ಒಂದೊಂದು ಅಣು ಒಂದೊಂದು ಭಂಗಿಯಲ್ಲಿ ಹೆಪ್ಪುಗಟ್ಟಿತ್ತು, ನಾವು "ಸ್ಟ್ಯಾಚೂ" ಆಟ ಆಡ್ತಿದ್ವಲ್ಲ ಹಾಗೆ. ಬಿಸಿ ಏರಿಸುತ್ತಾ ಸುಮಾರು ಮೈನಸ್ 70 ಡಿಗ್ರಿ ದಾಟಿದ ಮೇಲೆ ದೊಡ್ಡ ಅಲುಗಾಟಗಳು ಜೀವ ಪಡೆದವು. ನಮ್ಮ ಮೈ ಬಿಸಿಯಲ್ಲಂತೂ ಅಣುಗಳು ಕ್ಷಣಕ್ಷಣಕ್ಕೂ ಭಂಗಿ ಬದಲಿಸುತ್ತಲೇ ಇರುತ್ತವೆ. ಬಾಗಿಲು ತೆರೆಯೋದು ಆ ಬದಲಾವಣೆಯಲ್ಲೇ.

1977ರಲ್ಲಿ ಮಾರ್ಟಿನ್ ಕಾರ್ಪ್ಲಸ್ ತಂಡ ಮೊದಲ ಸಲ ಕಂಪ್ಯೂಟರ್‌ನಲ್ಲಿ ಒಂದು ಪ್ರೋಟೀನನ್ನ ಕುಣಿಸಿತು. ಅದು 58 ಕೊಂಡಿಗಳ ಪುಟ್ಟ ಪ್ರೋಟೀನ್. ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗಕ್ಕೆ ಪಿಕೋಸೆಕೆಂಡ್ ಅಂತಾರೆ; ಅವರಿಗೆ ಸಿಕ್ಕಿದ್ದು ಅಂಥ ಒಂಬತ್ತು ಚಿಲ್ಲರೆ. ಆ ದಾರಿಯ ಕೆಲಸಕ್ಕೆ 2013ರಲ್ಲಿ ಇನ್ನಿಬ್ಬರ ಜೊತೆ ಕಾರ್ಪ್ಲಸ್‌ಗೆ ನೊಬೆಲ್ ಬಂತು. 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಎಕ್ಸ್-ರೇ ಯಂತ್ರದಲ್ಲಿ, ಗ್ಯಾಸ್ ಬಿಟ್ಟ ಮರುಕ್ಷಣ ಮಯೋಗ್ಲೋಬಿನ್ ಮೈ ಸರಿಸೋದನ್ನ ಸಿನಿಮಾ ಥರ ಫ್ರೇಮ್ ಫ್ರೇಮಾಗಿ ಹಿಡಿದರು. ಫೋಟೋ ಕೊನೆಗೂ ರೀಲ್ ಆಯ್ತು.

9/10

ಅಲುಗಾಡುತ್ತೆ ಸರಿ, ಆದರೆ ಹೇಗೆ ಬೇಕಾದ್ರೂ ಅಲ್ಲ. ಮೊಣಕೈ ಮುಂದಕ್ಕೆ ಮಡಚುತ್ತೆ, ಹಿಂದಕ್ಕೆ ಮಡಚಲ್ಲ. ಹಾಗೇ ಪ್ರೋಟೀನ್ ಸರಪಳಿಯ ಕೊಂಡಿಗೂ ಮಿತಿ ಇದೆ. ಆ ಮಿತಿಯ ನಕ್ಷೆ ಬರೆದವರು ನಮ್ಮವರು: ಜಿ.ಎನ್. ರಾಮಚಂದ್ರನ್. ಕೇರಳದ ಎರ್ನಾಕುಳಂನವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಶಿಷ್ಯ. 1963ರಲ್ಲಿ ಮದರಾಸಿನಲ್ಲಿದ್ದಾಗ ರಾಮಕೃಷ್ಣನ್, ಶಶಿಶೇಖರನ್ ಜೊತೆ ಲೆಕ್ಕ ಹಾಕಿ ತೋರಿಸಿದರು: ಕೊಂಡಿ ಎರಡು ಕೋನಗಳಲ್ಲಿ ತಿರುಗಬಹುದು, ಆದರೆ ಪರಮಾಣುಗಳು ಢಿಕ್ಕಿ ಹೊಡೆಯೋದರಿಂದ ನಕ್ಷೆಯ ಹೆಚ್ಚಿನ ಭಾಗ ನಿಷಿದ್ಧ. 1970ರ ದಶಕದ ಶುರುವಿನಲ್ಲಿ ಬೆಂಗಳೂರಿಗೆ ವಾಪಸ್ ಬಂದು ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಇವತ್ತಿಗೂ ಜಗತ್ತಿನ ಯಾವ ಲ್ಯಾಬಿನಲ್ಲಿ ಪ್ರೋಟೀನ್ ಆಕಾರ ಸಿಕ್ಕರೂ ಅದು ಸರಿಯಿದೆಯಾ ಅಂತ ನೋಡೋದು "ರಾಮಚಂದ್ರನ್ ಪ್ಲಾಟ್" ಮೇಲೆ ಇಟ್ಟು.

ಭಂಗಿ ಬದಲಾಗೋದೇ ಕಾಯಿಲೆಯ ದಾರಿ ಆಗೋದೂ ಉಂಟು. ಸಿಕಲ್ ಸೆಲ್, ಅಂದರೆ ಕುಡಗೋಲು ರಕ್ತಕಣದ ಕಾಯಿಲೆ. ಇದು ಹಿಮೋಗ್ಲೋಬಿನ್ ಅಣುವಿನದ್ದೇ ದೋಷ ಅಂತ 1949ರಲ್ಲಿ ಲೈನಸ್ ಪಾಲಿಂಗ್ ತಂಡ ಹೇಳಿತು. ಆ ದೋಷ ಒಂದೇ ಒಂದು ಕೊಂಡಿಯದ್ದು ಅಂತ ಕೇಂಬ್ರಿಜ್‌ನಲ್ಲಿ ಪೆರುಟ್ಸ್ ಜೊತೆಗಿದ್ದ ವರ್ನನ್ ಇನ್‌ಗ್ರಾಮ್ ಮುಂದೆ ತೋರಿಸಿದರು. ಬದಲಾದ ಆ ಕೊಂಡಿ ಪಕ್ಕದ ಹಿಮೋಗ್ಲೋಬಿನ್ನಿನ ಒಂದು ಗುಳಿಗೆ ಅಂಟಿಕೊಳ್ಳುತ್ತೆ. ಆದರೆ ಆ ಗುಳಿ ತೆರೆದುಕೊಳ್ಳೋದು ಆಕ್ಸಿಜನ್ ಇಳಿದ "ಬಿಗಿ" ಭಂಗಿಯಲ್ಲಿ. ಮೈಗೆ ಆಕ್ಸಿಜನ್ ಕೊಟ್ಟ ಮೇಲೆಯೇ ಅಣುಗಳು ಒಂದಕ್ಕೊಂದು ಅಂಟಿ ಹಗ್ಗವಾಗುತ್ತವೆ, ರಕ್ತಕಣ ಕುಡಗೋಲಿನಂತೆ ಬಾಗುತ್ತೆ, ಸಣ್ಣ ನಾಳಗಳಲ್ಲಿ ಸಿಕ್ಕಿ ಜೀವ ಹಿಂಡೋ ನೋವು ಕೊಡುತ್ತೆ.

1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದು ಪತ್ತೆಯಾಯ್ತು. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಹಾಡಿಗಳಲ್ಲೂ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಿಕಲ್ ಸೆಲ್ ನಿರ್ಮೂಲನಾ ಯೋಜನೆಯಲ್ಲಿ ಕರ್ನಾಟಕವೂ ಇದೆ. ಅಣುವನ್ನ "ಸಡಿಲ" ಭಂಗಿಯಲ್ಲೇ ಹಿಡಿದಿಡೋ ವೋಕ್ಸೆಲೋಟರ್ ಅನ್ನೋ ಮಾತ್ರೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. 2024ರಲ್ಲಿ ಸುರಕ್ಷತೆಯ ಪ್ರಶ್ನೆ ಎದ್ದು ಕಂಪನಿಯೇ ವಾಪಸ್ ತಗೊಂಡಿತು. ಕೆಲಸ ಇನ್ನೂ ಮುಗಿದಿಲ್ಲ.

10/10

ಮತ್ತೆ ಆ ಡಿಸೆಂಬರ್ ಬೆಳಿಗ್ಗೆಗೆ.

ನಾನು ಆಸ್ಪತ್ರೆ ಬೆಂಚಲ್ಲಿ ಕೂತು ಯೋಚನೆ ಮಾಡ್ತಿದ್ದೆ. 200 ಪಟ್ಟು ಗಟ್ಟಿಯಾಗಿ ಹಿಡಿಯುತ್ತೆ ಅಂದ್ರೆ ಬರೀ ಮಾಸ್ಕ್ ಹಾಕಿ ಬಿಡಿಸೋದು ಹೇಗೆ ಅಂತ. ಈಗ ಗೊತ್ತು. ಆ ಹಿಡಿತವೂ ಶಾಶ್ವತ ಅಲ್ಲ. ಅಣು ಅಲುಗಾಡ್ತಾನೇ ಇರುತ್ತೆ, ಗ್ಯಾಸ್ ಆಗೊಮ್ಮೆ ಈಗೊಮ್ಮೆ ಎದ್ದು ನಿಲ್ಲುತ್ತೆ. ಮಾಮೂಲಿ ಗಾಳಿಯಲ್ಲಾದರೆ ರಕ್ತದಿಂದ ಅದರ ಅರ್ಧ ಹೋಗೋಕೆ ನಾಲ್ಕೈದು ಗಂಟೆ ಬೇಕು. ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ. ಯಾಕಂದ್ರೆ ಅದು ಎದ್ದ ಕ್ಷಣದಲ್ಲೇ ಆ ಎಲೆಗೆ ಕೂರೋಕೆ ಆಕ್ಸಿಜನ್ ಗುಂಪುಗಟ್ಟಿ ಕಾದಿರುತ್ತೆ. ಫಿಷರ್ ಹೇಳಿದ ಕಬ್ಬಿಣದ ಬೀಗ ಆಗಿದ್ದಿದ್ರೆ ನನ್ನ ಗೆಳತಿ ಬರ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಅವಳು ಕಣ್ಣು ಬಿಟ್ಟು ಕೇಳಿದ ಮೊದಲ ಮಾತು: "ಇಂಟರ್ನಲ್ಸ್ ಏನಾಯ್ತೇ?" ನಾನು ಅತ್ತೆ, ನಕ್ಕೆ, ಎರಡೂ.

ಈಗ ನೀವು ಮಾಡಬೇಕಾಗಿರೋದು, ದಯವಿಟ್ಟು:

ನಿಮ್ಮ ಪಿಜಿ, ಹಾಸ್ಟೆಲ್, ಮನೆಯ ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗಿದ್ರೆ ಹೊರಗೆ ಹಾಕಿಸೋಕೆ ಹೇಳಿ. ನಮ್ಮ ಪಿಜಿಯಲ್ಲಿ ಒಬ್ಬಳು ಬಿದ್ದ ಮೇಲೆ ಹಾಕಿಸಿದ್ರು, ನಿಮ್ಮಲ್ಲಿ ಅದಕ್ಕೂ ಮೊದಲೇ ಆಗಲಿ. ಅಲ್ಲಿವರೆಗೆ ಕಿಟಕಿ ಮುಚ್ಚಬೇಡಿ, ಚಳಿ ಆದ್ರೂ ಪರವಾಗಿಲ್ಲ. ಒಳಗೆ ಗೀಸರ್ ಉರಿಸಿಕೊಂಡು ಸ್ನಾನ ಮಾಡೋ ಬದಲು ಮೊದಲೇ ಬಕೆಟ್ ತುಂಬಿಸಿ, ಗೀಸರ್ ಆಫ್ ಮಾಡಿ, ಸ್ವಲ್ಪ ಗಾಳಿಯಾಡಿದ ಮೇಲೆ ಒಳಗೆ ಹೋಗಿ. ತಲೆನೋವು, ತಲೆಸುತ್ತು, ಕಾಲಲ್ಲಿ ಬಲ ಇಲ್ಲ ಅನ್ಸಿದ್ರೆ ಸೋಪು ತೊಳೆಯೋಕೂ ನಿಲ್ಲಬೇಡಿ, ಹೊರಗೆ ಬನ್ನಿ. ಬಿದ್ದವರನ್ನ ಮೊದಲು ಗಾಳಿಗೆ ತನ್ನಿ, 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ "ಗ್ಯಾಸ್ ಗೀಸರ್ ಇತ್ತು" ಅಂತ ನೀವೇ ಹೇಳಿ. ಬೆರಳಿನ ಕ್ಲಿಪ್ 98 ತೋರಿಸಿದ್ರೂ ಹೇಳಿ.

ರೂಮ್‌ಮೇಟ್ ಸ್ನಾನಕ್ಕೆ ಹೋಗಿ ತುಂಬಾ ಹೊತ್ತಾಯ್ತಾ? ಎದ್ದು ಹೋಗಿ ಒಂದ್ಸಲ ಬಾಗಿಲು ಬಡೀರಿ. ಅವಳು ಬೈದರೆ ಬೈಸಿಕೊಳ್ಳಿ.

#ಕನ್ನಡದಲ್ಲಿ_ವಿಜ್ಞಾನ #ವಿಜ್ಞಾನದ_ಇತಿಹಾಸ #ಹಿಮೋಗ್ಲೋಬಿನ್ #ಗ್ಯಾಸ್_ಗೀಸರ್_ಜೋಪಾನ